ಒಂದೇ ತೂತಿನ ಫೋಟೋ ಬಿಡಿ, ಅರವತ್ತೂ ಗುಂಡು ಎಣಿಸಿ

ನಮಸ್ಕಾರ ಎಲ್ರಿಗೂ. ಏರ್ ಪಿಸ್ತೂಲ್ ಕಲಿಯೋಕೆ ಆಸೆಯಿಂದ ಬಂದೋರು ಎಷ್ಟೋ ಜನ ಕೆಲವೇ ತಿಂಗಳಲ್ಲಿ ಬಿಟ್ಟು ಹೋಗೋದನ್ನ ನೋಡಿದೀನಿ, ನಿಜವಾಗ್ಲೂ ಬೇಜಾರಾಗತ್ತೆ. ಅವ್ರ ಕೈಯಲ್ಲೂ ತಪ್ಪಿಲ್ಲ, ಕಣ್ಣಲ್ಲೂ ತಪ್ಪಿಲ್ಲ. ಯಾರೋ ಇನ್‌ಸ್ಟಾಗ್ರಾಮಲ್ಲಿ ಐದು ಪೆಲೆಟ್ (ಏರ್ ಪಿಸ್ತೂಲಿನ ಚಿಕ್ಕ ಗುಂಡು) ಒಂದೇ ತೂತಲ್ಲಿ ಹೋಗಿರೋ ಫೋಟೋ ಹಾಕಿರ್ತಾರೆ, ಇವ್ರು ಅದನ್ನ ನೋಡಿ ತಮ್ಮ ಟಾರ್ಗೆಟ್ ನೋಡ್ಕೊಂಡು ನನ್ನಿಂದ ಆಗಲ್ಲ ಅಂದ್ಕೋತಾರೆ. ಆ ಫೋಟೋ ತೆಗೆದ ದಿನ ಆ ಮನುಷ್ಯ ಇನ್ನೂ ಎಷ್ಟು ಹೊಡೆದಿದ್ದ, ಅವೆಲ್ಲ ಎಲ್ಲಿ ಹೋದ್ವು, ಅದನ್ನ ಯಾರೂ ಹಾಕಲ್ಲ.

ಮೊದ್ಲು ಟಾರ್ಗೆಟ್ ಅಳತೆ ಹೇಳ್ಬಿಡ್ತೀನಿ. ದೂರ 10 ಮೀಟರ್. ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಅಂದ್ರೆ ಒಂದು ಅಂಗಿ ಗುಂಡಿಯಷ್ಟು. ಏಳರಿಂದ ಒಳಗಿರೋ ಕಪ್ಪು ಭಾಗ ಪೂರ್ತಿ ಸೇರಿದ್ರೂ 59.5 ಮಿಲಿಮೀಟರೇ. ಇದಕ್ಕೆ ನಿಂತ್ಕೊಂಡು, ಒಂದೇ ಕೈಯಲ್ಲಿ, ಯಾವ ಆಸರೆನೂ ಇಲ್ದೆ, 75 ನಿಮಿಷದಲ್ಲಿ 60 ಗುಂಡು ಹೊಡೀಬೇಕು. ಕೊಡಗಿನ ಕಡೆಯೋರು ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೀತಾರಲ್ಲ, ಅಲ್ಲಿ ಕೋವಿಗೆ ಭುಜದ ಆಸರೆ ಇರತ್ತೆ, ಎರಡೂ ಕೈ ಇರತ್ತೆ. ಪಿಸ್ತೂಲಲ್ಲಿ ಅದ್ಯಾವುದೂ ಇಲ್ಲ, ಹಾಗಾಗಿ ಕೋವಿಯಲ್ಲಿ ಒಳ್ಳೆ ಗುರಿ ಇರೋರಿಗೂ ಇಲ್ಲಿ ಮೊದಲ ದಿನ ಕಷ್ಟಾನೇ, ಅದ್ರಲ್ಲಿ ಅವಮಾನ ಏನೂ ಇಲ್ಲ.

ಈಗ ಮನು ಭಾಕರ್ ಲೆಕ್ಕ ನೋಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್ ಕ್ವಾಲಿಫಿಕೇಶನ್‌ನಲ್ಲಿ ಅವ್ರು ಹೊಡೆದಿದ್ದು 600ಕ್ಕೆ 580. ಅಂದ್ರೆ ಒಲಿಂಪಿಕ್ ಪದಕ ಗೆದ್ದವರದ್ದೇ 20 ಅಂಕ ಹೋಗಿದೆ. ಫೈನಲ್‌ನಲ್ಲಿ ದಶಮಾಂಶದಲ್ಲಿ ಅಂಕ ಕೊಡ್ತಾರೆ, ಒಂದು ಗುಂಡಿಗೆ ಹೆಚ್ಚೆಂದ್ರೆ 10.9. ಅಲ್ಲಿ 22 ಗುಂಡಿಗೆ 221.7, ಕಂಚು. ಸರಾಸರಿ ಹಾಕಿದ್ರೆ ಗುಂಡಿಗೆ 10.08 ಬರತ್ತೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಕೇಳಿ, ನನಗೆ ತುಂಬಾ ಮುಖ್ಯ ಅನ್ಸಿರೋದು ಇದೇನೆ. ಪೆಲೆಟ್ಟಿನ ಅಂಚು ಗೆರೆಗೆ ತಾಗಿದ್ರೂ ಒಳಗಿನ ಅಂಕಾನೇ ಕೊಡ್ತಾರೆ, ಪೆಲೆಟ್ 4.5 ಮಿಲಿಮೀಟರ್ ಇರೋದ್ರಿಂದ ನಟ್ಟನಡುವಿನಿಂದ 8 ಮಿಲಿಮೀಟರ್ ಸರಿದ್ರೂ 10.0 ಸಿಗತ್ತೆ. ಹಾಗಾದ್ರೆ 10.08 ಅಂದ್ರೆ ಹತ್ತರ ಗಡಿ ಹತ್ರಾನೇ ಇದೆ, ನಟ್ಟನಡುವೆ ಅಲ್ಲ! ಜಗತ್ತಿನ ಮೂರನೇ ಸ್ಥಾನದೋರ ಸರಾಸರಿ ಇದು, ಅದೂ ಬೆಳ್ಳಿ ತಪ್ಪಿದ್ದು ಬರೀ 0.1 ಅಂಕದಲ್ಲಿ. ಅದೇ ಪ್ಯಾರಿಸ್‌ನಲ್ಲಿ ಸರಬ್ಜೋತ್ ಸಿಂಗ್ 577 ಹೊಡೆದು ಒಂಬತ್ತನೇ ಸ್ಥಾನದಲ್ಲಿ ನಿಂತ್ರು, ಎಂಟನೆಯವ್ರದ್ದೂ 577, ಒಳಗಿನ ಹತ್ತು (ಹತ್ತರ ವೃತ್ತದೊಳಗಿನ ಇನ್ನೂ ಚಿಕ್ಕ ವೃತ್ತಕ್ಕೆ ಬಿದ್ದ ಗುಂಡು) ಒಂದು ಕಮ್ಮಿ ಆಯ್ತು ಅಂತ ಫೈನಲ್ ತಪ್ಪಿತು. ಆಮೇಲೆ ಇಬ್ರೂ ಸೇರಿ ಮಿಶ್ರ ತಂಡದಲ್ಲಿ ಕಂಚು ತಂದ್ರು ಬಿಡಿ.

ಹಾಗಾದ್ರೆ ಸಾಮಾನ್ಯ ಮನುಷ್ಯ ಎಷ್ಟು ನಿರೀಕ್ಷೆ ಇಟ್ಕೋಬೇಕು? ರೇಂಜಲ್ಲಿ ನೋಡಿರೋದ್ರ ಮೇಲೆ ನನ್ನ ಅಂದಾಜು ಹೇಳ್ತೀನಿ. ಶುರುವಲ್ಲಿ 60 ಗುಂಡು ಪೂರ್ತಿ ಎಣಿಸಿದ್ರೆ 400 ಆಸುಪಾಸು ಬಂದ್ರೆ ಅದು ಸಹಜ, ಕೆಲವು ಕಪ್ಪಿನ ಹೊರಗೆ ಹೋಗ್ತವೆ, ಹೋಗ್ಲಿ. ವಾರಕ್ಕೆ ಮೂರ್ನಾಲ್ಕು ದಿನ, ಒಳ್ಳೆ ಕೋಚ್ ಕೈಕೆಳಗೆ ಒಂದು ವರ್ಷ ಮಾಡಿದೋರು 500 ದಾಟಿದ್ರೆ ನಾನು ಖುಷಿಪಡ್ತೀನಿ. ಕೆಲಸ, ಮನೆ ಎಲ್ಲ ನೋಡ್ಕೊಂಡು 540 ಹೊಡೆಯೋರು ಗಟ್ಟಿ ಶೂಟರ್‌ಗಳು. ಅಲ್ಲಿಂದ 570, 580ಕ್ಕೆ ಹೋಗೋದು ವರ್ಷಗಟ್ಟಲೆ ಕೆಲಸ, ಎಲ್ರಿಗೂ ಆಗಲ್ಲ, ಆಗ್ಲೇಬೇಕು ಅಂತನೂ ಇಲ್ಲ.

ಇನ್ನು ಎಲ್ರೂ ಕೇಳೋ ಪ್ರಶ್ನೆ, ಕೈ ನಡುಗತ್ತೆ ಏನ್ ಮಾಡ್ಲಿ. ನಡುಗತ್ತೆ, ಎಲ್ಲರದ್ದೂ. ಎದೆ ಬಡಿತ ಇದೆ, ಉಸಿರಿದೆ, ಸ್ನಾಯು ಅಲ್ಲಾಡತ್ತೆ. ಆದ್ರೆ ಅಂಕ ಕಳೆಯೋದು ಹೆಚ್ಚಾಗಿ ಆ ನಡುಕ ಅಲ್ಲ. ಎರಡೂ ಸೈಟ್ (ಗುರಿ ನೋಡೋಕೆ ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರೋ ಗುರುತು) ಒಂದೇ ಸಾಲಲ್ಲಿ ಇದ್ದು ಪಿಸ್ತೂಲೇ ಪೂರ್ತಿ 5 ಮಿಲಿಮೀಟರ್ ಪಕ್ಕಕ್ಕೆ ಸರಿದ್ರೆ ಟಾರ್ಗೆಟ್ ಮೇಲೂ 5 ಮಿಲಿಮೀಟರೇ ಸರಿಯತ್ತೆ, ಅಂದ್ರೆ ಇನ್ನೂ ಹತ್ತೇ. ಆದ್ರೆ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಮಧ್ಯೆ ಸುಮಾರು 32 ಸೆಂಟಿಮೀಟರ್ ಇರೋ ಪಿಸ್ತೂಲಲ್ಲಿ, ಟ್ರಿಗರ್ ಎಳೆದಾಗ ಮಣಿಕಟ್ಟು ಸ್ವಲ್ಪ ಬಗ್ಗಿ ಮುಂದಿನ ಸೈಟ್ 1 ಮಿಲಿಮೀಟರ್ ತಪ್ಪಿದ್ರೂ 10 ಮೀಟರ್ ದೂರದಲ್ಲಿ ಅದು 31 ಮಿಲಿಮೀಟರ್ ಆಗತ್ತೆ, ಸೀದಾ ಏಳು. ಹಾಗಾಗಿ ಕಣ್ಣು ಮುಂದಿನ ಸೈಟ್ ಮೇಲೇ ಇರ್ಲಿ, ಟಾರ್ಗೆಟ್ ಮಸುಕಾಗೇ ಕಾಣ್ಲಿ. ಕೈ ನಡುಗ್ತಾ ಇದ್ರೂ ಟ್ರಿಗರ್ ಮೆತ್ತಗೆ ಒತ್ತುತ್ತಾ ಹೋಗಿ, ಹತ್ತರ ಮೇಲೆ ಬಂದ ತಕ್ಷಣ ಗಬಕ್ಕಂತ ಎಳೀಬೇಡಿ. ತುಂಬಾ ಹೊತ್ತಾಯ್ತು ಅನ್ಸಿದ್ರೆ ಹೊಡೀದೇ ಕೈ ಇಳಿಸಿ.

ದುಡ್ಡಿನ ವಿಷಯ ಬೇಗ ಹೇಳ್ಬಿಡ್ತೀನಿ. ಲಕ್ಷಕ್ಕೂ ಮೇಲಿನ ಇಂಪೋರ್ಟೆಡ್ ಪಿಸ್ತೂಲ್ ಮೊದಲ ದಿನಾನೇ ತಗೋಬೇಡಿ. ಮ್ಯಾಚ್ ಪಿಸ್ತೂಲನ್ನ ಕ್ಲಾಂಪಿಗೆ ಕಟ್ಟಿ ಹೊಡೆದ್ರೆ ಹತ್ತು ಬಿಟ್ಟು ಆಚೆ ಹೋಗಲ್ಲ, ತಪ್ಪು ಮಾಡೋದು ನಮ್ಮ ಕೈ. ಕ್ಲಬ್ಬಿನ ಪಿಸ್ತೂಲಲ್ಲಿ ಕಲೀರಿ, ಡ್ರೈ ಫೈರ್ ಮೋಡ್ ಇದ್ರೆ ಪೆಲೆಟ್ ಹಾಕ್ದೆ ಖಾಲಿ ಗೋಡೆ ಎದುರು ಟ್ರಿಗರ್ ಅಭ್ಯಾಸ ಮಾಡಿ, ಪ್ರತಿ ಸಲ ಖಾಲಿ ಇದೆಯಾ ಅಂತ ನೋಡಿನೇ.

ಯೂಸುಫ್ ಡಿಕೆಚ್ ನೆನಪಿರ್ಬೇಕು, ಪ್ಯಾರಿಸ್‌ನಲ್ಲಿ ಜೇಬಲ್ಲಿ ಕೈ ಹಾಕ್ಕೊಂಡು ಸಾದಾ ಕನ್ನಡಕದಲ್ಲಿ ನಿಂತು ಬೆಳ್ಳಿ ಗೆದ್ದ ಟರ್ಕಿಯವ್ರು. ಸುಮ್ನೆ ಬಂದು ಹೊಡೆದು ಹೋದ್ರು ಅಂತ ಎಲ್ಲ ಕಡೆ ಶೇರ್ ಆಯ್ತು. ಅವ್ರು 2008ರ ಬೀಜಿಂಗ್‌ನಿಂದ ಒಲಿಂಪಿಕ್ಸ್ ಆಡ್ತಿದ್ರು, ಪದಕ ಬಂದಿದ್ದು ಐದನೇ ಒಲಿಂಪಿಕ್ಸಲ್ಲಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವ್ರನ್ನೂ ನೋಡಿ, 2013ರಲ್ಲಿ ಮುಖದ ಪಾರ್ಶ್ವವಾಯು ಬಂದು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಇದೇ 10 ಮೀಟರ್ ಪಿಸ್ತೂಲಲ್ಲಿ ಬೆಳ್ಳಿ ತಂದ್ರು. ಇಂಥೋರ ಮೊದಲ ವರ್ಷದ ಟಾರ್ಗೆಟ್‌ಗಳೂ ಎಲ್ರಿಗೂ ನೋಡೋಕೆ ಸಿಗೋ ಹಾಗಿದ್ರೆ ಎಷ್ಟು ಜನ ಬಿಡದೇ ಉಳೀತಿದ್ರೋ ಅನ್ಸತ್ತೆ ನನಗೆ.

ಈ ವಾರ ರೇಂಜಿಗೆ ಹೋದಾಗ 60 ಹೊಡೀರಿ, ಒಂದೂ ಬಿಡದೇ ಕೂಡಿಸಿ, ದಿನಾಂಕ ಹಾಕಿ ಬರೆದಿಡಿ. 412 ಬಂದ್ರೆ 412 ಅಂತಲೇ ಬರೀರಿ. ಮುಂದಿನ ತಿಂಗಳು ಅದನ್ನ 420 ಮಾಡೋದು ಹೇಗೆ ಅಂತ ನಿಮ್ಮ ಕೋಚ್ ಹತ್ರ ಕೂತು ಮಾತಾಡಿ.