ಖಿನ್ನತೆಯ ಮಾತ್ರೆ: ಒಗ್ಗಿತೋ ಇಲ್ಲವೋ ತಿಳಿಯುವುದು ಹೇಗೆ?

ಕೇಳುಗರಿಗೆ ನಮಸ್ಕಾರ.

ಖಿನ್ನತೆಗೆ ಮಾತ್ರೆ ಶುರು ಮಾಡಿದ ಎಷ್ಟೋ ಮಂದಿ ಎರಡನೆಯ ವಾರಕ್ಕೇ "ಇದು ನನಗೆ ಒಗ್ಗಲಿಲ್ಲ" ಎಂದು ಬಿಟ್ಟುಬಿಡುತ್ತಾರೆ. ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಗೇಡು, ಚಡಪಡಿಕೆ ಮೊದಲ ದಿನಗಳಲ್ಲೇ ಬರುತ್ತವೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ. ಅಂದರೆ ಕಷ್ಟವನ್ನೆಲ್ಲ ಅನುಭವಿಸಿ, ಫಲ ಬರುವ ಮುಂಚೆ ಎದ್ದುಹೋದಂತಾಗುತ್ತದೆ.

ಯಾರಿಗೆ ಯಾವ ಮಾತ್ರೆ ಫಲಿಸುತ್ತದೆಂದು ಮೊದಲೇ ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲ ಔಷಧಿಯಾದ ಸಿಟಲೋಪ್ರಾಮ್‌ನಿಂದ ಪೂರ್ತಿ ಚೇತರಿಸಿಕೊಂಡವರು ಸುಮಾರು ಮೂರರಲ್ಲಿ ಒಬ್ಬರು. ಹಾಗಾಗಿ ಎರಡನೆಯ ಮಾತ್ರೆ ಹುಡುಕಬೇಕಾಗಿ ಬರುವುದು ಮಾಮೂಲು, ನಿಮ್ಮ ಕಾಯಿಲೆ ವಾಸಿಯಾಗದ್ದು ಎಂಬುದರ ಗುರುತಲ್ಲ.

ಆಯ್ಕೆ ನಡೆಯುವುದು ಹೆಚ್ಚಾಗಿ ಅಡ್ಡಪರಿಣಾಮ ನೋಡಿಕೊಂಡು. ನಿದ್ದೆಯಿಲ್ಲ, ಹಸಿವಿಲ್ಲ, ತೂಕ ಇಳಿದಿದೆ ಎನ್ನುವವರಿಗೆ ರಾತ್ರಿ 15 ಮಿಲಿಗ್ರಾಂ ಮಿರ್ಟಜಪಿನ್ ಹೊಂದಬಹುದು. ಅದು ನಿದ್ದೆ, ಹಸಿವು, ತೂಕ ಹೆಚ್ಚಿಸಬಹುದಾದ್ದರಿಂದ, ಈಗಾಗಲೇ ತೂಕ ಹೆಚ್ಚಿದ್ದವರಿಗೆ ಅದೇ ತೊಂದರೆ. ಸೆರ್ಟ್ರಲಿನ್, ಎಸಿಟಲೋಪ್ರಾಮ್‌ಗಳು ಲೈಂಗಿಕ ಆಸಕ್ತಿ ಕುಗ್ಗಿಸಬಹುದು. ಬ್ಯುಪ್ರೊಪಿಯಾನ್‌ನಲ್ಲಿ ಆ ಕಾಟ ಕಡಿಮೆ, ಆದರೆ ಮೂರ್ಛೆರೋಗ ಇದ್ದವರಿಗೆ ಅದು ಸಲ್ಲದು. ನಾಚಿಕೆಯಿಂದ ಈ ವಿಷಯ ಹೇಳದೆ ಸದ್ದಿಲ್ಲದೆ ಮಾತ್ರೆ ಬಿಡುವವರು ಬಹಳ. ವೈದ್ಯರು ತಾವಾಗಿ ಕೇಳದಿದ್ದರೆ ನೀವೇ ಹೇಳಿ.

ಇನ್ನೂ ಮೂರು ಸಂಗತಿಗಳನ್ನು ಮುಚ್ಚಿಡಬಾರದು. ಹಿಂದೆಂದಾದರೂ ನಿದ್ದೆಯೇ ಬೇಡದಷ್ಟು ವಿಪರೀತ ಉತ್ಸಾಹ, ಕಂಡಾಪಟ್ಟೆ ಖರ್ಚಿನ ದಿನಗಳು ಬಂದಿದ್ದವೇ? ಅದು ಬೈಪೋಲಾರ್, ಅಂದರೆ ವಿಪರೀತ ಉತ್ಸಾಹ ಮತ್ತು ಖಿನ್ನತೆ ಎರಡೂ ಬಂದುಹೋಗುವ ಕಾಯಿಲೆ ಇದ್ದೀತು, ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಮತ್ತೆ ಆ ಕಡೆಗೆ ವಾಲಬಹುದು. ಥೈರಾಯ್ಡ್ ತೊಂದರೆ ಇದೆಯೇ? ಬೇರೆ ಯಾವ ಔಷಧಿ ನಡೆಯುತ್ತಿದೆ? ನೋವಿಗೆಂದು ಐಬುಪ್ರೊಫೆನ್ ಜೊತೆಗಿದ್ದರೆ ರಕ್ತಸ್ರಾವದ ಸಂಭವ ಹೆಚ್ಚು. ಟ್ರಮಡಾಲ್ ಎಂಬ ನೋವಿನ ಔಷಧಿ ಇದ್ದರೆ ಮಿದುಳಿನ ರಾಸಾಯನಿಕವಾದ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಕಾಣಿಸಬಹುದು.

ಪ್ರಮಾಣದಲ್ಲೂ ಎಡವುವುದುಂಟು. ಸೆರ್ಟ್ರಲಿನ್ 50 ಮಿಲಿಗ್ರಾಂನಿಂದ ಆರಂಭಿಸಿ 200ರವರೆಗೆ ಏರಿಸಲು ಅವಕಾಶವಿದೆ. ಎಸಿಟಲೋಪ್ರಾಮ್ 10ರಿಂದ 20. ಅರ್ಧ ಪ್ರಮಾಣದಲ್ಲೇ ತಿಂಗಳುಗಟ್ಟಲೆ ನಿಂತು "ಮಾತ್ರೆ ನಾಟಲಿಲ್ಲ" ಎಂದರೆ ಆ ಔಷಧಿಯನ್ನು ನಿಜಕ್ಕೂ ನೋಡಿದಂತಾಗಲಿಲ್ಲ. ದಿನಾ ತೆಗೆದುಕೊಂಡೂ ನಾಲ್ಕು ವಾರಕ್ಕೆ ಎಳ್ಳಷ್ಟೂ ಬದಲಾವಣೆ ಕಾಣದಿದ್ದರೆ ಪ್ರಮಾಣ ಏರಿಸುವುದೋ ಔಷಧಿ ಬದಲಿಸುವುದೋ ಎಂದು ವೈದ್ಯರೊಡನೆ ಮಾತಾಡಿ. ಇದಕ್ಕೆ ನೆನಪನ್ನು ನಂಬಬೇಡಿ. ಖಿನ್ನತೆಯಲ್ಲಿ ನೆನಪು ಸದಾ ಕೆಟ್ಟ ದಿನಗಳ ಕಡೆಗೇ ವಾಲುತ್ತದೆ. ಖಿನ್ನತೆಯ ತೀವ್ರತೆ ಅಳೆಯುವ ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಎರಡು ವಾರಕ್ಕೊಮ್ಮೆ ತುಂಬಿ, 27ಕ್ಕೆ ಎಷ್ಟು ಬಂತು ಬರೆದಿಡಿ. ಮೊದಲ ಅಂಕ ಅರ್ಧಕ್ಕಿಳಿದರೆ ಮಾತ್ರೆ ಕೆಲಸ ಮಾಡುತ್ತಿದೆ. 5ಕ್ಕಿಂತ ಕೆಳಗೆ ಬರುವುದೇ ಗುರಿ.

25 ವರ್ಷದೊಳಗಿನವರಲ್ಲಿ ಮೊದಲ ವಾರಗಳಲ್ಲಿ, ಪ್ರಮಾಣ ಬದಲಾದಾಗಲೂ, ಸಾಯುವ ಯೋಚನೆ ಹೆಚ್ಚಬಹುದು. ಮನೆಯವರು ಗಮನವಿಟ್ಟಿರಲಿ. ಯಾವ ವಯಸ್ಸಿನವರಿಗೇ ಆಗಲಿ, ಅಂಥ ಯೋಚನೆ ಬಲವಾದರೆ ಮುಂದಿನ ಭೇಟಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಅದೇ ಪ್ರಮಾಣ ಮುಂದುವರಿಯಲಿ. ಆಮೇಲೆ ವೈದ್ಯರ ಮಾತಿನಂತೆ ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿದು ಇಳಿಸಬೇಕು. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಥಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು ಜಾಸ್ತಿ. ಇದು ಕೆಲವೇ ದಿನಗಳಲ್ಲಿ ಶುರುವಾಗಿ, ಮಾತ್ರೆ ಮತ್ತೆ ತೆಗೆದುಕೊಂಡರೆ ಬೇಗ ಶಮನವಾಗುತ್ತದೆ. ಖಿನ್ನತೆ ಮರುಕಳಿಸುವುದಾದರೆ ಸಾಮಾನ್ಯವಾಗಿ ವಾರಗಳ ನಂತರ, ನಿಧಾನವಾಗಿ. ಇವೆರಡರಲ್ಲಿ ಯಾವುದೆಂದು ವೈದ್ಯರಿಗೆ ತಿಳಿಯಬೇಕಾದರೆ, ಪ್ರಮಾಣ ಇಳಿಸಿದ ಪ್ರತಿ ತಾರೀಖೂ ನಿಮ್ಮ ಆ ಅಂಕದ ಪಟ್ಟಿಯ ಪಕ್ಕದಲ್ಲೇ ಬರೆದಿರಲಿ.

ನಮಸ್ಕಾರ.