ಫ್ಯಾಂಟಸಿ ಗೇಮ್‌ನ ಲಿಪಿಗೆ ಹಳೆಯ ಕಾಲದ ಕಳೆ ಬರುವುದು ಹೇಗೆ?

[ಪರದೆಯಲ್ಲಿ: ಮೇಣದಬತ್ತಿ ಬೆಳಕು, ಮೇಜಿನ ಮೇಲೆ ತೆರೆದಿಟ್ಟ ದಪ್ಪ ಪುಸ್ತಕ]

ನಮಸ್ಕಾರ. ಮಾಂತ್ರಿಕನ ಕೋಣೆ, ಚರ್ಮದ ಹೊದಿಕೆಯ ಪುಸ್ತಕ, ಒಳಗೆ ಯಾರಿಗೂ ಗೊತ್ತಿಲ್ಲದ ಲಿಪಿ. ಫ್ಯಾಂಟಸಿ ಗೇಮ್ ಆಡುವವರಿಗೆ ಇದು ಚೆನ್ನಾಗಿ ಗೊತ್ತಿರುವ ದೃಶ್ಯ. ಈಗ ಸ್ವಲ್ಪ ಹತ್ತಿರ ಹೋಗಿ ನೋಡಿ. ಎಲ್ಲಾ ಅಕ್ಷರಗಳೂ ಒಂದೇ ಅಳತೆ. ಗೆರೆಯ ದಪ್ಪ ಎಲ್ಲೂ ಬದಲಾಗಿಲ್ಲ. ಇಂಗ್ಲಿಷಿನ 26 ಅಕ್ಷರಗಳ ಜಾಗಕ್ಕೆ 26 ಚಿತ್ರ ಕೂರಿಸಿದ್ದಾರೆ, ಅಷ್ಟೇ. ಇದನ್ನು ಯಾರೂ ಕೈಯಲ್ಲಿ ಬರೆದಿಲ್ಲ ಅಂತ ಕಣ್ಣಿಗೆ ತಕ್ಷಣ ಗೊತ್ತಾಗಿಬಿಡುತ್ತದೆ.

ನೀವು ಗೇಮ್ ಮಾಡುವವರಾದರೆ ನಿಮ್ಮಲ್ಲಿ ನನ್ನದು ಒಂದೇ ಕೋರಿಕೆ. ಅಕ್ಷರ ಬಿಡಿಸುವ ಮೊದಲು, ಅದನ್ನು ಯಾವುದರಿಂದ, ಯಾವುದರ ಮೇಲೆ ಬರೆಯುತ್ತಾರೆ ಅಂತ ತೀರ್ಮಾನ ಮಾಡಿಕೊಳ್ಳಿ.

[ಪರದೆಯಲ್ಲಿ: ಐಸ್‌ಕ್ರೀಮ್ ಕಡ್ಡಿ, ಕತ್ತರಿ, ಮಸಿ ಬಾಟಲಿ]

ಬನ್ನಿ, ಕೈಯಲ್ಲೇ ಮಾಡಿ ನೋಡೋಣ. ಐಸ್‌ಕ್ರೀಮ್ ಕಡ್ಡಿಯ ದುಂಡು ತುದಿಯನ್ನು ನೇರವಾಗಿ ಕತ್ತರಿಸಿ. ಮಸಿಯಲ್ಲಿ ಅದ್ದಿ. ಅಗಲವಾದ ತುದಿ ಕಾಗದದ ಮೇಲೆ 45 ಡಿಗ್ರಿ ಓರೆಯಾಗಿ ಕೂರಲಿ, ಆಮೇಲೆ ಆ ಓರೆ ಬದಲಾಗಬಾರದು. ಎಡ ಮೇಲ್ಮೂಲೆಯಿಂದ ಬಲಕ್ಕೆ ಕೆಳಗೆ ಎಳೆಯಿರಿ. ದಪ್ಪ ಪಟ್ಟಿ ಬಂತು. ಎಡ ಕೆಳಮೂಲೆಯಿಂದ ಬಲಕ್ಕೆ ಮೇಲೆ ಎಳೆಯಿರಿ. ಕೂದಲೆಳೆಯಂಥ ಗೆರೆ ಬಂತು. ನೀವು ಜಾಸ್ತಿ ಒತ್ತಲೂ ಇಲ್ಲ, ಕಮ್ಮಿ ಒತ್ತಲೂ ಇಲ್ಲ. ಬದಲಾಗಿದ್ದು ದಿಕ್ಕು ಮಾತ್ರ.

ಮಧ್ಯಯುಗದ ಯುರೋಪಿನಲ್ಲಿ ಹೆಬ್ಬಾತಿನ ಗರಿಯ ಲೇಖನಿ ಹೀಗೇ ಕೆಲಸ ಮಾಡುತ್ತಿತ್ತು. ಅಂಥ ತುದಿಯನ್ನು ಮೇಲಕ್ಕೆ ತಳ್ಳಿದರೆ ಅದು ತಡವರಿಸುತ್ತದೆ, ಮಸಿ ಸಿಡಿಯುತ್ತದೆ. ಅದಕ್ಕೇ ಒಂದು ಸೊನ್ನೆಯನ್ನು ಸಹ ಎರಡು ಎಳೆತದಲ್ಲಿ ಬರೆಯುತ್ತಿದ್ದರು, ಎರಡೂ ಮೇಲಿಂದ ಕೆಳಕ್ಕೆ. ನಿಮ್ಮ ಹೊಸ ಲಿಪಿಯ ಪ್ರತಿ ಅಕ್ಷರವನ್ನೂ ಈ ಕಡ್ಡಿಯಲ್ಲಿ ಒಮ್ಮೆ ಬರೆದು ನೋಡಿ. ಬರೆಯಲು ಆಗದ ಅಕ್ಷರವನ್ನು ಕೈಬಿಡಿ, ಎಷ್ಟೇ ಚೆಂದ ಇದ್ದರೂ.

[ಪರದೆಯಲ್ಲಿ: ಒತ್ತೊತ್ತಾಗಿ ನಿಂತ 15 ಉದ್ದ ಗೆರೆಗಳು]

ಇದು ಬೇಲಿ ಥರ ಕಾಣುತ್ತದೆ, ಅಲ್ವಾ? ಇದು ಲ್ಯಾಟಿನ್‌ನ 'ಮಿನಿಮಮ್' (minimum) ಎಂಬ ಪದ. ಮಧ್ಯಯುಗದ ಯುರೋಪಿನ ಟೆಕ್ಸ್ಚುರಾ ಎಂಬ ಗಾಥಿಕ್ ಬರವಣಿಗೆಯಲ್ಲಿ ಐ ಅಕ್ಷರಕ್ಕೆ ಒಂದು ಗೆರೆ, ಎನ್ ಮತ್ತು ಯು ಅಕ್ಷರಕ್ಕೆ ಎರಡೆರಡು, ಎಮ್‌ಗೆ ಮೂರು. ಒಟ್ಟು 15 ಗೆರೆ, ಎಲ್ಲವೂ ಒಂದೇ ರೂಪ. ಟೆಕ್ಸ್ಚುರಾ ಅಂದರೆ ನೇಯ್ದದ್ದು ಅಂತ ಅರ್ಥ. ಪುಟ ನಿಜಕ್ಕೂ ಬಟ್ಟೆಯ ನೇಯ್ಗೆಯಂತೆಯೇ ಕಾಣುತ್ತದೆ. ಓದುವವರು ಎಷ್ಟು ಕಷ್ಟಪಟ್ಟರು ಅಂದರೆ, ಐ ಯಾವುದು ಅಂತ ಗುರುತು ಸಿಗಲಿ ಅಂತ ಅದರ ನೆತ್ತಿಯ ಮೇಲೆ ಒಂದು ಸಣ್ಣ ಗೀಟು ಹಾಕಲು ಶುರು ಮಾಡಿದರು. ಇವತ್ತಿನ ಐ ಮೇಲಿನ ಚುಕ್ಕೆ ಬಂದದ್ದು ಅಲ್ಲಿಂದ. ನನಗೆ ಈ ಚುಕ್ಕೆಯ ಕಥೆ ತುಂಬಾ ಇಷ್ಟ. ನಿಮ್ಮ ಲಿಪಿಯಲ್ಲೂ ಎರಡು ಮೂರು ಅಕ್ಷರಗಳು ಒಂದಕ್ಕೊಂದು ಹೋಲಲಿ, ಅವನ್ನು ಬಿಡಿಸಿ ತೋರಿಸಲು ಒಂದು ಗೀಟು ಇರಲಿ. ಲಿಪಿಯನ್ನು ನೂರಾರು ವರ್ಷ ಜನ ಬಳಸಿದ್ದಾರೆ ಅನ್ನಿಸುವುದು ಇಂಥದ್ದರಿಂದ.

ಇನ್ನು ಪದಗಳನ್ನು ಮೊಟಕು ಮಾಡಿ ಬರೆಯುವ ಅಭ್ಯಾಸ. ಆಗ ಪುಟ ಎಂದರೆ ಕರು, ಕುರಿ, ಆಡಿನ ಚರ್ಮ. ಸುಮ್ನೆ ಪೋಲು ಮಾಡುವಂತಿಲ್ಲ. ಹಾಗಾಗಿ ಎಮ್ ಅಥವಾ ಎನ್ ಬಿಟ್ಟು, ಹಿಂದಿನ ಅಕ್ಷರದ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. 'ಮತ್ತು' ಅನ್ನಲು 7ರ ಆಕಾರದ ಒಂದು ಗುರುತು ಸಾಕಿತ್ತು. ಐರ್ಲೆಂಡಿನ ಫಲಕಗಳಲ್ಲಿ ಆ ಗುರುತು ಈಗಲೂ ಸಿಗುತ್ತದೆ. ಜರ್ಮನಿಯ ಮುದ್ರಕ ಗುಟೆನ್‌ಬರ್ಗ್ 1455ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದಾಗ ಕೈಬರಹದ ಈ ರೂಪಗಳನ್ನೆಲ್ಲ ಉಳಿಸಿಕೊಳ್ಳಲು ಸುಮಾರು 290 ಬಗೆಯ ಅಚ್ಚಿನ ಮೊಳೆ ಮಾಡಿಸಬೇಕಾಯಿತು. 26ಕ್ಕೆ 26 ಲೆಕ್ಕ ಎಲ್ಲಿ, ಇದೆಲ್ಲಿ! ಇವತ್ತು ನಿಮಗೆ ಅಷ್ಟು ಕಷ್ಟ ಇಲ್ಲ. ಕನ್ನಡ ಫಾಂಟ್‌ನಲ್ಲಿ ಕ ಮತ್ತು ಷ ಸೇರಿ ತಾನಾಗಿಯೇ 'ಕ್ಷ' ಆಗುತ್ತದಲ್ಲ, ಅದೇ ವ್ಯವಸ್ಥೆಯಿಂದ ನಿಮ್ಮ ಲಿಪಿಯ ಕೂಡಕ್ಷರಗಳನ್ನೂ ಮಾಡಬಹುದು.

[ಪರದೆಯಲ್ಲಿ: ಅಂಚು ಸುಟ್ಟ ಕಂದು ಕಾಗದ, ಅದರ ಮೇಲೆ ಕೆಂಪು ಅಡ್ಡಗೆರೆ]

ಪುಟಕ್ಕೆ ಟೀ ಬಣ್ಣ ಬಳಿದು ಅಂಚು ಸುಡುವುದು ಬೇಡ. ಗೇಮ್‌ನ ಲೋಕದವರಿಗೆ ಅದು ಹೊಸ ಪುಸ್ತಕ. ಬೆಳ್ಳಗಿನ ಚರ್ಮ, ಅಂಚಿನಲ್ಲಿ ಅಳತೆಗಾಗಿ ಚುಚ್ಚಿದ ಸಣ್ಣ ತೂತುಗಳು, ಸಾಲು ನೇರವಾಗಿರಲಿ ಅಂತ ಎಳೆದ ಮಸುಕು ಗೆರೆ, ಶುರುವಿನ ದೊಡ್ಡ ಅಕ್ಷರಕ್ಕೆ ಕೆಂಪು ಮಸಿ. ಇಷ್ಟು ಸಾಕು. ಇಡೀ ಪದವನ್ನು ಗಾಥಿಕ್ ದೊಡ್ಡಕ್ಷರದಲ್ಲೇ ಬರೆಯುವುದಂತೂ ಬೇಡವೇ ಬೇಡ.

[ಪರದೆಯಲ್ಲಿ: ಮರದ ಕಡ್ಡಿಯ ಮೇಲೆ ಚಾಕುವಿನಿಂದ ಕೆತ್ತುವ ಕೈ]

ಲೇಖನಿಯ ಬದಲು ಚಾಕು ಬಂದರೆ ಅಕ್ಷರವೇ ಬೇರೆಯಾಗುತ್ತದೆ. ಉತ್ತರ ಯುರೋಪಿನಲ್ಲಿ ಹಿಂದೆ ಮರ, ಕಲ್ಲಿನ ಮೇಲೆ ಕೆತ್ತುತ್ತಿದ್ದ ರೂನ್ ಅಕ್ಷರಗಳಲ್ಲಿ ಉದ್ದ ಗೆರೆ, ಓರೆ ಗೆರೆ ಇವೆ. ಅಡ್ಡಗೆರೆ ಇಲ್ಲವೇ ಇಲ್ಲ ಅನ್ನಬಹುದು. ಕಡ್ಡಿಯಲ್ಲಿ ಮರದ ಎಳೆ ಅಡ್ಡಡ್ಡ ಸಾಗುತ್ತದೆ. ಆ ಎಳೆಯ ಗುಂಟ ಗೆರೆ ಕೊರೆದರೆ ಅದು ಎಳೆಯಲ್ಲೇ ಕಳೆದುಹೋಗುತ್ತದೆ, ಮರ ಸಿಗಿಯಲೂಬಹುದು. ನಮ್ಮ ಕನ್ನಡ ಅಕ್ಷರಗಳು ದುಂಡಗಾದದ್ದಕ್ಕೂ ಇಂಥದ್ದೇ ಕಾರಣ ಹೇಳುತ್ತಾರೆ. ಓಲೆಗರಿಯ ಮೇಲೆ ಕಬ್ಬಿಣದ ಕಂಟದಿಂದ ನೇರ ಗೀಟು ಎಳೆದರೆ ಗರಿ ಸೀಳುತ್ತದೆ.

ಕೊನೆಗೆ, ಆ ಲಿಪಿಯಲ್ಲಿ ಏನು ಬರೆಯುತ್ತೀರಿ? ನಾರ್ವೆಯ ಬರ್ಗೆನ್ ಊರಿನ ಹಳೇ ಬಂದರಿನಲ್ಲಿ 1955ರಲ್ಲಿ ಬೆಂಕಿ ಬಿತ್ತು. ಆಮೇಲೆ ಅಲ್ಲಿ ಅಗೆದಾಗ ರೂನ್ ಕೆತ್ತಿದ 600ಕ್ಕೂ ಹೆಚ್ಚು ಕಡ್ಡಿ, ಮೂಳೆ ಸಿಕ್ಕವು. ಸರಕಿನ ಮೇಲೆ ಯಜಮಾನನ ಹೆಸರು, ವ್ಯಾಪಾರದ ಪತ್ರ, ಪ್ರಾರ್ಥನೆ ಎಲ್ಲಾ ಇದ್ದವು. ಒಂದು ಕಡ್ಡಿಯ ಮೇಲೆ ಇಷ್ಟೇ ಇತ್ತು: ನೀನು ಮನೆಗೆ ಹೋಗಬೇಕಂತೆ, ಗ್ಯೂಡಾ ಹೇಳುತ್ತಿದ್ದಾಳೆ.

ನಿಮ್ಮ ಗೇಮ್‌ನ ಹೆಂಡದಂಗಡಿಯಲ್ಲಿ, ಯಾವುದಾದರೂ ಬೆಂಚಿನ ಕೆಳಗೆ, ಇಂಥದ್ದೊಂದು ಕಡ್ಡಿ ಬಿದ್ದಿರಲಿ.

[ಪರದೆಯಲ್ಲಿ: ನೆಲದ ಮೇಲೆ ಬಿದ್ದ ಕಡ್ಡಿ, ಪಕ್ಕದಲ್ಲಿ ಖಾಲಿ ಬೆಂಚು]