ಲೈನ್ ಅಂದ್ರೆ ಮೊದಲು ದಾರ

ಮಲೆನಾಡಿನಲ್ಲಿ ಮಳೆಗಾಲದ ಒಂದು ದಿನ ಕಿವಿಗೊಟ್ಟು ಕೇಳಿ. ಲೈನ್ ಮೇಲೆ ಮರ ಬಿದ್ದಿದೆ, ಲೈನ್‌ಮ್ಯಾನ್ ಬರಬೇಕು. ಲೈನ್ ಬಸ್ ತಪ್ಪಿತು. ಬ್ಲೌಸಿಗೆ ಲೈನಿಂಗ್ ಬೇಕಾ? ತೋಟದಲ್ಲಿ ಗುಂಡಿ ತೆಗೆಯೋ ಮುಂಚೆ ಲೈನ್ ಹೊಡೀಬೇಕು. ಒಂದೇ ಪದ ಇಷ್ಟೆಲ್ಲ ಕೆಲಸಕ್ಕೆ ಹೇಗೆ ಒದಗಿತು?

ಲ್ಯಾಟಿನ್‌ನಲ್ಲಿ ‘ಲೀನುಮ್’ ಅಂದ್ರೆ ಅಗಸೆ ಗಿಡ. ಅದರ ನಾರಿನ ದಾರಕ್ಕೆ ‘ಲೀನೆಯಾ’ ಅಂತಿದ್ರು. ಈ ಪದ ಹಳೆಯ ಇಂಗ್ಲಿಷಿಗೆ ಹಗ್ಗ ಅನ್ನೋ ಅರ್ಥದಲ್ಲಿ ಬಂತು. ಮುಂದೆ ಫ್ರೆಂಚಿನ ‘ಲೀನ್ಯ್’ ಕೂಡ ಬಂದು ಸೇರಿಕೊಳ್ತು. ಲಿನನ್ ಬಟ್ಟೆ, ಲಿನ್‌ಸೀಡ್ ಎಣ್ಣೆ, ಎಲ್ಲ ಅದೇ ಗಿಡದ ಸಂತಾನ. ಗೆರೆ, ಸಾಲು, ತಂತಿ ಅನ್ನೋ ಅರ್ಥಗಳೆಲ್ಲ ದಾರದಿಂದ ಹುಟ್ಟಿದವು.

ಇದು ಕಣ್ಣಿಗೆ ಕಾಣಬೇಕಾದ್ರೆ ಹೊಸ ಅಡಿಕೆ ತೋಟಕ್ಕೆ ಬನ್ನಿ. ಇಲ್ಲಿ ಲೈನ್ ಅಂದ್ರೆ ಇವತ್ತಿಗೂ ಹಗ್ಗವೇ. ಗಿಡದಿಂದ ಗಿಡಕ್ಕೆ 9 ಅಡಿ, ಸಾಲಿನಿಂದ ಸಾಲಿಗೆ 9 ಅಡಿ. ಉತ್ತರ–ದಕ್ಷಿಣದ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಬೇಕು. ಮಧ್ಯಾಹ್ನದ ಮೇಲಿನ ಬಿಸಿಲಿಗೆ ಕಾಂಡ ಸುಟ್ಟು ಸೀಳೋದು ಇದರಿಂದ ಕಡಿಮೆಯಾಗುತ್ತೆ. ಕೋನ ಅಳೆಯೋ ಸಾಧನ ಬೇಡ. ಮೊದಲ ಗೂಟದಿಂದ ನೇರ ಉತ್ತರಕ್ಕೆ 10 ಅಡಿ, ಅಲ್ಲಿಂದ ಪಶ್ಚಿಮಕ್ಕೆ 7 ಅಡಿ ಅಳೆದು ಇನ್ನೊಂದು ಗೂಟ ಹೊಡೆಯಿರಿ. ಎರಡಕ್ಕೂ ಹಗ್ಗ ಬಿಗಿದ್ರೆ 35 ಡಿಗ್ರಿ ಸಿಕ್ಕಿತು. ಅಡ್ಡ ಸಾಲಿಗೆ ಮೂಲೆ ಮಟ್ಟ ನೋಡಲು ಒಂದು ಕಡೆ 12 ಅಡಿ, ಇನ್ನೊಂದು ಕಡೆ 16 ಅಡಿ ಗುರುತು ಮಾಡಿ. ಕರ್ಣ ಸರಿಯಾಗಿ 20 ಅಡಿ ಬರಬೇಕು.

ತಪ್ಪೋದು ಎಲ್ಲಿ? ನೈಲಾನ್ ಹಗ್ಗವನ್ನು ಸಡಿಲ ಬಿಟ್ಟು 9 ಅಡಿಗೊಂದು ಗಂಟು ಹಾಕ್ತಾರೆ. ಎಳೆದಾಗ ಅದು ಹಿಗ್ಗುತ್ತೆ, ಸಾಲು ಮುಗಿಯೋ ಹೊತ್ತಿಗೆ ಲೆಕ್ಕ ಕೆಟ್ಟಿರುತ್ತೆ. ಬಿಗಿದ ಮೇಲೆ ಟೇಪ್ ಹಿಡಿದು ಗುರುತು ಹಾಕಿ. ಗೂಟಗಳೆಲ್ಲ ಹಗ್ಗದ ಒಂದೇ ಮಗ್ಗುಲಿಗೆ ಇರಲಿ, ಹಗ್ಗ ಹುಲ್ಲಿಗೋ ಹೆಂಟೆಗೋ ತಾಗದಿರಲಿ. ಇನ್ನು ಇಳಿಜಾರು. ನೆಲಕ್ಕೆ ಅಂಟಿಸಿ 9 ಅಡಿ ಅಳೆದ್ರೆ, 20 ಡಿಗ್ರಿ ಇಳಿಜಾರಿನಲ್ಲಿ ನಿಜವಾದ ಅಂತರ ಎಂಟೂವರೆ ಅಡಿಗೆ ಇಳಿಯುತ್ತೆ. ಟೇಪನ್ನು ಮಟ್ಟವಾಗಿ ಹಿಡಿದು, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಟ್ಟು, ಕಲ್ಲು ಮುಟ್ಟಿದ ಜಾಗದಲ್ಲೇ ಗೂಟ ಹೊಡೆಯಿರಿ. ನಮ್ಮ ‘ಸೂತ್ರ’ವೂ ಮೊದಲು ದಾರವೇ, ಅಳತೆದಾರ ಹಿಡಿದ ಶಿಲ್ಪಿಯನ್ನೂ ಸೂತ್ರಧಾರ ಅಂತಲೇ ಕರೆದ್ರು.

ಲೈನಿಂಗ್ ಕಥೆ ಬೇರೆ. ಅದು ಗೆರೆಯಿಂದ ಹುಟ್ಟಿದ ಪದ ಅಲ್ಲ. ಉಡುಪಿನ ಒಳಗೆ ಲಿನನ್ ಬಟ್ಟೆ ಕೊಟ್ಟು ಹೊಲೀತಿದ್ರಿಂದ ಆ ಹೆಸರು. ಇವತ್ತು ಕಾಟನ್ ಹಾಕ್ತೀವಿ. ಕತ್ತರಿಸೋ ಮುಂಚೆ ಅದನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಇಲ್ಲದಿದ್ರೆ ಮೊದಲ ಒಗೆತಕ್ಕೇ ಒಳಬಟ್ಟೆ ಕುಗ್ಗಿ, ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತೆ.

ಕಾಫಿ ಎಸ್ಟೇಟಿನ ಲೈನ್ ಮನೆ, ಪೊಲೀಸ್ ಲೈನ್, ಇವು ಒಂದಕ್ಕೊಂದು ಅಂಟಿಕೊಂಡ ಮನೆಸಾಲಿನ ಹೆಸರು. ಲೈನ್ ಬಸ್ ಅಂದ್ರೆ ಗೊತ್ತಾದ ದಾರಿಯಲ್ಲೇ ಓಡಾಡೋ ಬಸ್. ‘ಡೆಡ್‌ಲೈನ್’ ಮಾತ್ರ ಕ್ರೂರ. 1864ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಆಂಡರ್‌ಸನ್‌ವಿಲ್ ಸೆರೆಶಿಬಿರದ ಗೋಡೆಯ ಒಳಗೆ ಒಂದು ಗಡಿ ಇತ್ತು. ದಾಟಿದ ಕೈದಿಗೆ ಗುಂಡು. ಕೆಲಸದ ಗಡುವು ಅನ್ನೋ ಅರ್ಥ ಬಂದದ್ದು ಆಮೇಲೆ, 20ನೇ ಶತಮಾನದಲ್ಲಿ.

ಕರೆಂಟ್ ಲೈನಿಗೆ ಬರೋಣ. ಲೈನ್‌ಮ್ಯಾನ್ ಕಂಬ ಹತ್ತೋ ಮುಂಚೆ ಸಬ್‌ಸ್ಟೇಷನ್‌ನಿಂದ ‘ಎಲ್‌ಸಿ’, ಅಂದ್ರೆ ಲೈನ್ ಕ್ಲಿಯರ್ (ಆ ಲೈನಿನ ಕರೆಂಟ್ ತೆಗೆದು ಕೊಡೋ ಕೆಲಸದ ಅನುಮತಿ), ತಗೋತಾರೆ. ಅದಿಲ್ಲದೆ ತಂತಿ ಮುಟ್ಟೋ ಹಾಗಿಲ್ಲ. ಊರಲ್ಲಿ ದೀಪ ಆರಿದೆ ಅಂದ ಮಾತ್ರಕ್ಕೆ ತಂತಿಯಲ್ಲಿ ಕರೆಂಟ್ ಇಲ್ಲ ಅಂತಲ್ಲ. ಯಾರದೋ ಮನೆಯ ಜನರೇಟರಿನಿಂದ ಹಿಮ್ಮುಖವಾಗಿ ಹರಿಯಬಹುದು. ಬಿದ್ದ ಲೈನ್ ಕಂಡ್ರೆ ದೂರ ನಿಂತು, ದನಕರುಗಳನ್ನೂ ಆ ಕಡೆ ಬಿಡದೆ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.